ಹೊಟ್ಟೆ ನೀರು ಅಲುಗಾಡಲಿಲ್ಲ, ತಮ್ಮಾ

ಕುಮಟಾದಿಂದ ಭಟ್ಕಳಕ್ಕೆ ಸುಮಾರು 60 ಕಿಲೋಮೀಟರ್. ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ, ಶರಾವತಿ ಸೇತುವೆ, ಕಾಸರಕೋಡ, ಗುಣವಂತೆ, ಮಂಕಿ, ಮುರ್ಡೇಶ್ವರ ಕ್ರಾಸು, ಶಿರಾಲಿ. ಈ ಹೆಸರುಗಳನ್ನು ನಿದ್ದೆಗಣ್ಣಿನಲ್ಲೂ ಕೂಗಬಲ್ಲೆ. 1994ರಿಂದ 2024ರವರೆಗೆ, ನಡುವೆ ಬೇರೆ ರೂಟಿನಲ್ಲಿ ಕಳೆದ ಕೆಲವು ವರ್ಷ ಬಿಟ್ಟರೆ, ಇದೇ ದಾರಿಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ದಿನಕ್ಕೆ ನೂರಾರು ಜನರ ಜೊತೆ ಮಾತು. ಎಲ್ಲರೊಡನೆಯೂ ಆಡಿದ್ದು ಎರಡೇ ಮಾತು: ‘ಎಲ್ಲಿಗೆ?’, ‘ಚಿಲ್ಲರೆ ಕೊಡಿ.’ ಇವೆರಡರ ಜೊತೆಗೆ ಮೂರನೆಯದೊಂದು ಒಳ್ಳೆಯ ಮಾತು ಸೇರಿಸುವುದನ್ನು ಕಲಿಯಲು ನನಗೆ ಹತ್ತು ವರ್ಷವೇ ಬೇಕಾಯಿತು. ಯಾವುದು ಮೊದಲು ಕಲಿತೆ, ಯಾವುದು ಆಮೇಲೆ ಎಂಬ ಲೆಕ್ಕ ಈಗಿಲ್ಲ. ನೆನಪಾದ ಹಾಗೆ ಬರೆಯುತ್ತೇನೆ.

1. ಕಂಡದ್ದನ್ನೇ ಹೇಳಬೇಕು

ಆಗ ಹೆದ್ದಾರಿಗೆ ಇಷ್ಟು ಅಗಲ ಇರಲಿಲ್ಲ. ಆಷಾಢದ ಮಳೆಗೆ ರಸ್ತೆಯೆಲ್ಲ ಹೊಂಡ. ಮಂಕಿಯಲ್ಲಿ ಒಬ್ಬ ಅಜ್ಜಿ ದಿನ ತುಂಬಿದ ಮಗಳನ್ನು ಹಿಡಿದುಕೊಂಡು ಹತ್ತಿದಳು. ಹೊನ್ನಾವರದ ಆಸ್ಪತ್ರೆಗೆ ಹೋಗಬೇಕಿತ್ತು. ಇಳಿಯುವಾಗ ಮಗಳನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಿಸಿ, ಅಜ್ಜಿ ಬಸ್ಸಿನ ಮುಂದಿನಿಂದ ಸುತ್ತು ಹಾಕಿ ಬಂದು ಡ್ರೈವರನ ಕಿಟಕಿಯ ಕೆಳಗೆ ನಿಂತಳು. ಕೊಡೆ ಇಲ್ಲ. ತಲೆಯೆತ್ತಿ ಹೇಳಿದಳು: ‘ಹೊಟ್ಟೆ ನೀರು ಅಲುಗಾಡಲಿಲ್ಲ, ತಮ್ಮಾ. ನಿನ್ನ ಕೈ ತಣ್ಣಗಿರಲಿ.’

ನಮ್ಮ ಡ್ರೈವರ್ ಮೊದಲೇ ಮಾತು ಕಡಿಮೆಯ ಮನುಷ್ಯ. ತಲೆ ಆಡಿಸಿ ಗಾಡಿ ತೆಗೆದ. ಕುಮಟಾದಲ್ಲಿ ಚಾ ಕುಡಿಯುವಾಗ ಲೋಟ ಕೆಳಗಿಟ್ಟು, ‘ಹೊಂಡ ಬಂದಲ್ಲೆಲ್ಲ ಸೆಕೆಂಡಿಗೆ ಇಳಿಸಿದ್ದೆ. ಅಜ್ಜಿಗೆ ಗೊತ್ತಾಯ್ತು ನೋಡು’ ಎಂದ. ಅವನ ಜೊತೆ ಅದೇ ಗಾಡಿಯಲ್ಲಿ ಎರಡು ವರ್ಷ ಓಡಾಡಿದ ನನಗೆ ಗೊತ್ತಾಗಿರಲಿಲ್ಲ. ಯಾರಾದರೂ ಕೇಳಿದ್ದರೆ ‘ಒಳ್ಳೆ ಡ್ರೈವರ್’ ಎನ್ನುತ್ತಿದ್ದೆ. ಆ ಮಾತನ್ನು ಯಾರ ಬಗ್ಗೆಯೂ ಹೇಳಬಹುದು, ಹಾಗಾಗಿ ಅದು ಯಾರನ್ನೂ ಮುಟ್ಟುವುದಿಲ್ಲ. ಅಜ್ಜಿ ಹೇಳಿದ್ದು ಆ ದಿನದ, ಆ ದಾರಿಯ, ಆ ಕೈಯ ಬಗ್ಗೆ. ಆಮೇಲೆ ಮೆಚ್ಚುಗೆ ಹೇಳುವ ಮೊದಲು, ನಾನು ನಿಜವಾಗಿ ಏನನ್ನು ನೋಡಿದೆ ಎಂದು ನನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡೆ.

2. ‘ಅಡ್ಡಿಲ್ಲ’ ದಾಟಬೇಕು

ನಮ್ಮ ಜಿಲ್ಲೆಯಲ್ಲಿ ಹೊಗಳಿಕೆಯ ತುತ್ತತುದಿ ‘ಅಡ್ಡಿಲ್ಲ’. ಮದುವೆ ಊಟ ಅಡ್ಡಿಲ್ಲ, ಹೊಸ ಮನೆ ಅಡ್ಡಿಲ್ಲ, ಮಗಳ ಮಾರ್ಕೂ ಅಡ್ಡಿಲ್ಲ. ಈ ಪದದ ಮೇಲೆ ನನಗೆ ಪ್ರೀತಿಯೇ ಇದೆ. ಅದನ್ನು ಹೇಳುವಾಗಿನ ದನಿಯಲ್ಲಿ ಎಷ್ಟು ಸಂತೋಷ ಅಡಗಿದೆ ಎಂದು ಊರಿನವರಿಗೆ ತಿಳಿಯುತ್ತದೆ. ಆದರೆ ಒಬ್ಬರು ಜೀವಮಾನವಿಡೀ ಅದೊಂದನ್ನೇ ಕೇಳುತ್ತ ಬದುಕಬೇಕೇ?

ಅಪ್ಪಯ್ಯ ನಲವತ್ತು ವರ್ಷ ಆಯಿಯ ಅಡುಗೆ ಉಂಡರು. ಎರಡನೇ ಸಲ ಬಡಿಸಿಕೊಳ್ಳುವುದೇ ಅವರ ಮೆಚ್ಚುಗೆ. ಆಯಿ ಪಾತ್ರೆಯ ತಳ ನೋಡಿ ಆ ದಿನದ ಅಡುಗೆ ಹೇಗಾಯಿತೆಂದು ತಿಳಿದುಕೊಳ್ಳುತ್ತಿದ್ದಳು. ನಾನೂ ಹಾಗೇ ಬೆಳೆದೆ. ಅವಳಿಗೆ ಎಪ್ಪತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ, ಅಪ್ಪೆಹುಳಿ ಕುಡಿದು ಲೋಟ ಇಡುತ್ತ ಹೇಳಿಬಿಟ್ಟೆ: ‘ಆಯಿ, ಎಷ್ಟು ಕಡೆ ಉಂಡಿದ್ದೇನೆ, ನಿನ್ನ ಒಗ್ಗರಣೆಯ ಈ ಹದ ಎಲ್ಲೂ ಸಿಗಲಿಲ್ಲ.’ ಅವಳಿಗೆ ಗಾಬರಿಯಾಯಿತು. ‘ತಮಾ, ಹುಷಾರಿದ್ಯನೋ?’ ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಒಳಗೆ ಹೋದವಳು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಸಂಜೆ ಪಕ್ಕದ ಮನೆಯವರ ಹತ್ತಿರ ಒಗ್ಗರಣೆಗೆ ಎಣ್ಣೆ ಎಷ್ಟು ಕಾಯಬೇಕು ಎಂದು ವಿವರಿಸುವುದು ಕೇಳಿಸಿತು. ಅಷ್ಟು ಉಮೇದಿನ ದನಿಯನ್ನು ನಾನು ಅವಳಲ್ಲಿ ಕೇಳಿರಲೇ ಇಲ್ಲ. ಇಪ್ಪತ್ತು ವರ್ಷ ಮೊದಲೇ ಹೇಳಬಹುದಿತ್ತು. ಈಗಲೂ ಅದು ನನ್ನನ್ನು ಬಾಧಿಸುತ್ತದೆ.

3. ರಂಗದ ಬದಿಯಲ್ಲಿ ಕೂತವರನ್ನು ನೋಡಬೇಕು

ಗುಣವಂತೆ ಸ್ಟಾಪು ಬಂತೆಂದರೆ ನನಗೆ ಕೆರೆಮನೆಯವರ ನೆನಪು. 1934ರಲ್ಲಿ ಶಿವರಾಮ ಹೆಗಡೆಯವರು ಯಕ್ಷಗಾನದ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲೇ ವೇಷದಲ್ಲಿದ್ದಾಗ ಅಸ್ವಸ್ಥರಾಗಿ ತೀರಿಕೊಂಡಾಗ, ಬಸ್ಸಿನಲ್ಲಿ ವಾರಗಟ್ಟಲೆ ಬೇರೆ ಮಾತೇ ಇರಲಿಲ್ಲ. 2012ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದಾಗಲೂ ಹಾಗೆ. ಅವರ ಕೀಚಕ, ಭಸ್ಮಾಸುರ ನೋಡಿದವರು ತಮ್ಮ ಮನೆಗೇ ಪ್ರಶಸ್ತಿ ಬಂದ ಹಾಗೆ ಟಿಕೆಟ್ ಕೇಳುವುದನ್ನೂ ಮರೆತು ಮಾತಾಡಿದರು. ವೇಷಧಾರಿಯನ್ನು ಮೆಚ್ಚುವುದರಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ. ಶಿಳ್ಳೆ, ಚಪ್ಪಾಳೆ ಬೇಕಾದಷ್ಟು. ಅಲ್ಲಿ ‘ಅಡ್ಡಿಲ್ಲ’ ಎನ್ನುವವರು ಯಾರೂ ಇಲ್ಲ.

ಹಿಮ್ಮೇಳದವರು ಮಾತ್ರ ಬೆಳಗಿನ ಮೊದಲ ಬಸ್ಸಿಗೆ ಯಾರ ಗಮನಕ್ಕೂ ಬಾರದೆ ಹತ್ತುತ್ತಿದ್ದರು. ಒಬ್ಬ ಮದ್ದಳೆಗಾರ ಇದ್ದ. ಬೆರಳ ತುದಿಗೆ ಪ್ಲಾಸ್ಟರು ಸುತ್ತಿರುತ್ತಿದ್ದ. ಒಂದು ಬೆಳಿಗ್ಗೆ ಅವನು ಹತ್ತಿದ. ಹಿಂದಿನ ರಾತ್ರಿ ನನಗೆ ರಜೆ ಇತ್ತು, ಆಟಕ್ಕೆ ಹೋಗಿದ್ದೆ. ಟಿಕೆಟ್ ಕೊಡುತ್ತ, ‘ಕೀಚಕ ಸೈರಂಧ್ರಿಯನ್ನು ಕಂಡು ಸುಮ್ಮನೆ ನಿಂತನಲ್ಲ, ಆಗ ನಿಮ್ಮ ಮದ್ದಳೆ ಎಷ್ಟು ಸಣ್ಣಗೆ ಬಂತು! ಅವನ ಉಸಿರೇ ಕೇಳಿದ ಹಾಗಾಯ್ತು’ ಎಂದೆ. ಅವನ ನಿದ್ದೆ ಹಾರಿಹೋಯಿತು. ‘ಅದು ಅಲ್ಲಿ ಕೂತವರಿಗೆ ಕೇಳಿತೇ?’ ಎಂದ. ‘ಆ ಒಂದು ಜಾಗಕ್ಕೆ ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ.’ ಎದುರು ಸೀಟಿನ ಕಂಬಿಯ ಮೇಲೆ, ಪ್ಲಾಸ್ಟರು ಸುತ್ತಿದ ಬೆರಳಿನಲ್ಲೇ, ಅದನ್ನು ಮತ್ತೆ ನುಡಿಸಿ ತೋರಿಸಿದ. ತನ್ನ ಊರು ಬರುವವರೆಗೂ ಆ ಬೆರಳುಗಳು ನಿಲ್ಲಲಿಲ್ಲ.

4. ನೋಡದ್ದನ್ನು ಹೊಗಳಿದರೆ

ಅದೇ ಸೀಸನ್ನಿನಲ್ಲಿ, ಆ ಉತ್ಸಾಹದಲ್ಲಿ, ಇನ್ನೊಬ್ಬ ಕಲಾವಿದರಿಗೆ ‘ನಿನ್ನೆ ಭಾರಿ ಚಲೋ ಆಯ್ತು’ ಎಂದೆ. ನಾನು ಆಟಕ್ಕೆ ಹೋಗಿರಲೇ ಇಲ್ಲ. ಅವರು ಆಸೆಯಿಂದ ಕೇಳಿದರು: ‘ಹೌದಾ, ಯಾವ ಭಾಗ?’ ನನ್ನ ಬಾಯಿ ಕಟ್ಟಿತು. ಅವರು ನಕ್ಕು ಕಿಟಕಿಯಾಚೆ ನೋಡಿದರು. ಸುಳ್ಳು ಮೆಚ್ಚುಗೆ ಏನೂ ಹೇಳದಿರುವುದಕ್ಕಿಂತ ಕೆಟ್ಟದ್ದು. ಆಮೇಲೆ ನಾನು ನಿಜ ಹೇಳಿದಾಗಲೂ ಅವರು ಪೂರ್ತಿ ನಂಬಲಿಲ್ಲ.

5. ಮೊದಲು ಕೈ, ಆಮೇಲೆ ಬಾಯಿ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಸರಕೋಡಿನಲ್ಲಿ ಹತ್ತುವ ಮೀನಿನ ಹೆಂಗಸರ ಜೊತೆ ದಿನಾ ಜಗಳ. ಬುಟ್ಟಿಯಿಂದ ನೀರು ಸೋರುತ್ತದೆ, ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ಒಂದು ದಿನ ಎಲ್ಲರೆದುರು ‘ನಾತ’ ಎಂದುಬಿಟ್ಟೆ. ಆ ಹೆಂಗಸು ತಿರುಗಿ ಬೈಯಲಿಲ್ಲ. ಬುಟ್ಟಿಯನ್ನು ಸೆರಗಿನಿಂದ ಮುಚ್ಚಲು ಹೋದಳು. ಬುಟ್ಟಿ ದೊಡ್ಡದು, ಸೆರಗು ಸಾಲಲಿಲ್ಲ. ಬೈದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಆ ಸೆರಗನ್ನು ಮರೆಯಲಾಗಲಿಲ್ಲ.

ತಪ್ಪಾಯ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ಮರುದಿನ ಕೆಳಗಿಳಿದು ಬುಟ್ಟಿಗೆ ಕೈ ಕೊಟ್ಟೆ. ತಾರ್ಲೆ ತುಂಬಿದ ಬುಟ್ಟಿ ಅಷ್ಟು ಭಾರ ಎಂದು ಅಂದೇ ಗೊತ್ತಾದದ್ದು. ಹಿಂದಿನ ಸೀಟಿನ ಅಡಿಗೆ ಹಳೆ ರಬ್ಬರ್ ಶೀಟು ಹಾಸಿದೆ. ಹೀಗೆ ತಿಂಗಳುಗಟ್ಟಲೆ ಬರೀ ಕೈಕೆಲಸ. ಆಮೇಲೆ ಒಂದು ದಿನ, ಆಕೆ ಯಾರಿಗೆ ಎಷ್ಟು ಬಾಕಿ ಎಂಬುದನ್ನು ಚೀಟಿಯಿಲ್ಲದೆ ಹೇಳುವುದನ್ನು ಕೇಳಿ, ‘ಅಕ್ಕಾ, ನಿಮ್ಮ ಲೆಕ್ಕದ ಮುಂದೆ ನನ್ನ ವೇಬಿಲ್ಲು ಏನೂ ಅಲ್ಲ’ ಎಂದೆ. ಆಕೆ ನಕ್ಕಳು. ಆ ಮಾತನ್ನು ಮೊದಲ ದಿನವೇ ಆಡಿದ್ದರೆ ಆಕೆಗೆ ಅದು ಅಣಕವಾಗಿ ಕೇಳುತ್ತಿತ್ತು. ನೋಯಿಸಿದವನ ಮಾತಿಗೆ ಬೆಲೆ ಬರುವುದು ನಿಧಾನ.

6. ‘ಪುಕ್ಕಟೆ’ ಎನ್ನಬಾರದು

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಶೂನ್ಯ ಟಿಕೆಟ್. ಬಸ್ಸು ತುಂಬಿತು, ಜೊತೆಗೆ ಒಂದು ಪದವೂ ತುಂಬಿತು: ‘ಪುಕ್ಕಟೆಯವರು’. ಕುಮಟಾದ ಗೇರುಬೀಜದ ಕೆಲಸಕ್ಕೆ ಹೋಗುವ ಹೆಂಗಸರಿಗೆ ಒಬ್ಬಾತ ಸೀಟಿನಿಂದಲೇ ‘ಪುಕ್ಕಟೆ ಬಂದವರು ನಿಂತ್ಕೊಳ್ಳಿ’ ಎಂದ. ಸಿಪ್ಪೆಯ ಎಣ್ಣೆ ತಾಗಿ ಕಪ್ಪಾದ ಆ ಬೆರಳುಗಳಿಗೆ ಟಿಕೆಟ್ ಹರಿದು ಕೊಡುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ‘ಟಿಕೆಟ್ ತಗೊಂಡವರೇ ಇವರು. ದುಡ್ಡು ಸರ್ಕಾರ ಕೊಡ್ತದೆ. ಅಮ್ಮಾ, ಬೆಳಿಗ್ಗೆ ಮನೆಕೆಲಸ ಮುಗಿಸಿ ಇಷ್ಟು ಹೊತ್ತಿಗೆ ಸ್ಟಾಪಿನಲ್ಲಿ ನಿಲ್ತೀರಲ್ಲ, ಒಂದು ದಿನವೂ ನಿಮಗಾಗಿ ನಾನು ಕಾಯಬೇಕಾಗಲಿಲ್ಲ.’ ಅದು ನಿಜವೂ ಆಗಿತ್ತು. ಇನ್ನೊಬ್ಬರು ಕುಗ್ಗಿಸಿದ ಜಾಗದಲ್ಲೇ, ಆಗಲೇ, ಅದೇ ಜನರೆದುರು ಎತ್ತಿ ಹಿಡಿಯಬೇಕು. ಸಂಜೆ ಗುಟ್ಟಾಗಿ ಸಮಾಧಾನ ಹೇಳಿದರೆ ಸಾಲದು.

7. ಕೆಲಸ ಆಗಬೇಕಾದ ದಿನ ಹೊಗಳಬಾರದು

ರಜೆ ಬೇಕಾದ ದಿನ ಸಾಹೇಬರ ಅಕ್ಷರ ಚಂದ ಎಂದರೆ ಅದು ಬೆಣ್ಣೆ ಹಚ್ಚುವುದು. ಅಕ್ಷರ ನಿಜವಾಗಿ ಚಂದವಿದ್ದರೆ ಏನೂ ಬೇಡದ ದಿನ ಹೇಳಿದರಾಯಿತು.

8. ದೃಷ್ಟಿಯ ಹೆದರಿಕೆಗೆ ಭಟ್ಕಳದಲ್ಲಿ ಕಂಡ ಮದ್ದು

ಮಕ್ಕಳನ್ನು ಎದುರಿಗೆ ಹೊಗಳಬಾರದು, ದೃಷ್ಟಿ ತಾಗುತ್ತದೆ ಎಂದು ಕೇಳುತ್ತಲೇ ನಾವು ಬೆಳೆದದ್ದು. ಶಿರಾಲಿಯಲ್ಲಿ ಹತ್ತಿದ ಒಬ್ಬ ಎಳೆ ಬಾಣಂತಿ, ಕೆನ್ನೆಗೆ ಕಪ್ಪು ಬೊಟ್ಟಿಟ್ಟ ಕೂಸನ್ನು ಸೆರಗಿನಡಿ ಮುಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ನವಾಯತ ಮುಸ್ಲಿಮರ ಒಬ್ಬ ಅಜ್ಜಿ. ಸೆರಗು ಜಾರಿದಾಗ ಅಜ್ಜಿ ಬಗ್ಗಿ ನೋಡಿ, ‘ಮಾಷಾ ಅಲ್ಲಾ! ಎಂಥ ಕಣ್ಣು!’ ಎಂದಳು. ಬಾಣಂತಿ ಥಟ್ಟನೆ ಸೆರಗು ಎಳೆದುಕೊಂಡಳು. ಅಜ್ಜಿಗೆ ಬೇಸರವಾಗಲಿಲ್ಲ. ‘ಹೆದರಬೇಡ ಮಗಾ. ಇದು ಅಲ್ಲಾ ಕೊಟ್ಟದ್ದು ಅಂತ ಮೊದಲು ಹೇಳಿಯೇ ಹೊಗಳಿದ್ದು. ಹಾಗೆ ಹೇಳಿದರೆ ಕಣ್ಣು ತಾಗೋದಿಲ್ಲ’ ಎಂದಳು. ಭಟ್ಕಳ ಬರುವಷ್ಟರಲ್ಲಿ ಕೂಸು ಅಜ್ಜಿಯ ಮಡಿಲಲ್ಲಿತ್ತು, ತಾಯಿ ಬಾಣಂತನ ಶುರುವಾದ ಮೇಲೆ ಮೊದಲ ಸಲ ಎನ್ನುವ ಹಾಗೆ ಕೈ ಖಾಲಿ ಮಾಡಿಕೊಂಡು ಕಿಟಕಿಗೆ ಒರಗಿದ್ದಳು. ಎರಡು ಪಂಗಡಗಳ ನಡುವೆ ಬಿಗಿತ ಇದ್ದ ದಿನಗಳನ್ನೂ ಈ ರೂಟಿನಲ್ಲಿ ನೋಡಿದವನು ನಾನು. ಅಂಥ ದಿನಗಳಲ್ಲಿ ಆ ಇಬ್ಬರನ್ನು ನೆನೆಸಿಕೊಂಡು ಡ್ಯೂಟಿಗೆ ಹೊರಡುತ್ತಿದ್ದೆ.

9. ದೂರು ಹೋಗುವ ದಾರಿಯಲ್ಲೇ ಮೆಚ್ಚುಗೆಯೂ ಹೋಗಲಿ

ಡಿಪೋಕ್ಕೆ ಬರುವ ಕಾಗದವೆಂದರೆ ದೂರು ಎಂದೇ ನಮ್ಮ ಲೆಕ್ಕ. ಒಮ್ಮೆ ಹಳದೀಪುರದ ಕಡೆಯ ನಿವೃತ್ತ ಮಾಸ್ತರರೊಬ್ಬರು 50 ಪೈಸೆಯ ಕಾರ್ಡು ಬರೆದರು. ಇಂಥ ತಾರೀಕು, ರಾತ್ರಿಯ ಕೊನೆಯ ಬಸ್ಸು, ಕರ್ಕಿಯಲ್ಲಿ ಇಳಿದ ಮುದುಕರನ್ನು ಕರೆದೊಯ್ಯಲು ಮನೆಯವರು ಟಾರ್ಚು ಹಿಡಿದು ಬರುವವರೆಗೆ ಡ್ರೈವರ್ ಹೆಡ್‌ಲೈಟ್ ಆರಿಸದೆ ನಿಂತಿದ್ದ. ಅಷ್ಟೇ ಒಕ್ಕಣೆ. ಕಾರ್ಡು ನೋಟಿಸ್ ಬೋರ್ಡಿಗೆ ಹತ್ತಿತು. ಅದು ನಮ್ಮ ಅದೇ ಮಾತು ಕಡಿಮೆಯ ಡ್ರೈವರ್. ವಾರದ ಮೇಲೆ ಕಾರ್ಡು ಬೋರ್ಡಿನಲ್ಲಿರಲಿಲ್ಲ, ಅವನ ಲೈಸೆನ್ಸಿನ ಕವರಿನಲ್ಲಿತ್ತು.

ಅಂದಿನಿಂದ ನಾನೂ ತಿಂಗಳಿಗೆ ಎರಡು ಕಾರ್ಡು ಬರೆಯುತ್ತೇನೆ. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನಿಗಾಗಿ ಅವನ ಮೇಲಿನವರಿಗೆ, ಸೂಜಿ ಚುಚ್ಚಿದ್ದೇ ತಿಳಿಯದ ಹಾಗೆ ಕೈ ಓಡಿಸುವ ನರ್ಸಮ್ಮನಿಗಾಗಿ ಅವರ ಡಾಕ್ಟರಿಗೆ. ದಿನ, ಹೊತ್ತು, ಏನು ಕಂಡೆ, ಇಷ್ಟೇ. ವಿಶೇಷಣ ಹಾಕುವುದಿಲ್ಲ.

10. ಹೇಳಿದ ಮೇಲೆ ನೋಡುತ್ತಲೇ ಇರಬೇಕು

ಭಟ್ಕಳ ಬಸ್‌ಸ್ಟ್ಯಾಂಡಿನ ಹತ್ತಿರ ಮಲ್ಲಿಗೆ ಮಾರುವ ಒಬ್ಬಾಕೆಯಿಂದ ಡ್ರೈವರ್ ದಿನಾ ಒಂದು ಮೊಳ ಕೊಂಡು ಗಾಜಿನ ಮೇಲಿನ ಗಣಪತಿ ಪಟಕ್ಕೆ ಹಾಕುತ್ತಿದ್ದ. ಬೇರೆಯವರ ಮಾಲೆಯಾದರೆ ಗಾಡಿಯ ಕುಲುಕಿಗೆ ಹೊನ್ನಾವರ ಬರುವಷ್ಟರಲ್ಲಿ ಬಾನೆಟ್ಟಿನ ಮೇಲೆ ಮೊಗ್ಗು ಉದುರಿರುತ್ತಿತ್ತು. ಈಕೆ ಬಾಳೆನಾರಿನಲ್ಲಿ ಹಾಕಿದ ಗಂಟು ಬಿಡುತ್ತಿರಲಿಲ್ಲ. ಒಂದು ದಿನ ಅದನ್ನು ಹೇಳಿದೆ. ಆಕೆ ತಲೆಯೆತ್ತಲಿಲ್ಲ. ಕಟ್ಟುತ್ತಿದ್ದ ಕೈ ಮಾತ್ರ ಒಂದು ಗಳಿಗೆ ನಿಂತಿತು.

‘ಎಲ್ಲಿವರೆಗೆ ನೋಡಿದ್ರಿ?’

‘ಕುಮಟಾದವರೆಗೆ.’

ಮರುದಿನ ಆಕೆಯೇ ಕೇಳಿದಳು: ‘ನಿನ್ನೆ ಎಷ್ಟು ಬಿತ್ತು?’ ನಾನು ನೋಡಿರಲಿಲ್ಲ, ನಾಚಿಕೆಯಾಯಿತು. ಅಂದಿನಿಂದ ಕುಮಟಾದಲ್ಲಿ ಎಣಿಸುವುದು, ಮರುದಿನ ವರದಿ ಒಪ್ಪಿಸುವುದು. ಎರಡು. ಒಂದು. ಮೂರು. ಮಳೆ ಹಿಡಿದ ಒಂದು ವಾರ ‘ಏಳು’ ಎಂದೆ. ಆಕೆಯ ಮುಖ ಸಣ್ಣದಾಯಿತು. ಆ ದಿನಕ್ಕೆ ಕಟ್ಟಿಟ್ಟಿದ್ದ ಮಾಲೆಯನ್ನು ಬಿಚ್ಚಿದಳು, ನಾರನ್ನು ಮತ್ತೆ ನೀರಿಗೆ ಅದ್ದಿ ಎಳೆ ಸೀಳಿ ಕಟ್ಟತೊಡಗಿದಳು. ಬಸ್ಸು ಹೊರಡುವ ಹೊತ್ತು. ಡ್ರೈವರ್ ನನ್ನ ಮುಖ ನೋಡಿ ಇಂಜಿನ್ ಆಫ್ ಮಾಡಿದ. ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ.

ಆ ದಿನ ಕುಮಟಾದಲ್ಲಿ ಬಾನೆಟ್ಟಿನ ಮೇಲೆ ಬಗ್ಗಿ ಎರಡು ಸಲ ನೋಡಿದೆ. ಮಾಲೆಯಲ್ಲಿ ಮೊಗ್ಗೆಲ್ಲ ಅರಳತೊಡಗಿದ್ದವು, ಬಾನೆಟ್ಟು ಖಾಲಿ. ಮರುದಿನ ನಾನು ಫುಟ್‌ಬೋರ್ಡಿನಿಂದ ಇಳಿಯುವ ಮೊದಲೇ ಆಕೆ ತಲೆಯೆತ್ತಿ ಬಸ್ಸಿನ ಕಡೆ ನೋಡುತ್ತಿದ್ದಳು.