ಆಪರೇಷನ್ ಮುಗಿಯಿತು, ನಡಿಗೆ ಇನ್ನೂ ಬಾಕಿ

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡ ಹಿರಿಯರನ್ನು ಆಪರೇಷನ್ನಿನ ಮರುದಿನವೇ ಎಬ್ಬಿಸಿ ನಿಲ್ಲಿಸಲು ನೋಡುತ್ತಾರೆ. ‘ಹೊಲಿಗೆ ಇನ್ನೂ ಹಸಿ, ಮಲಗಿರಲಿ ಪಾಪ’ ಎಂದು ಮನೆಯವರಿಗೆ ಸಂಕಟ. ಆದರೆ ವಯಸ್ಸಾದ ದೇಹ ಮಲಗಿದಷ್ಟೂ ಸೋಲುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿರಿಸಿ ನೋಡಿದ ಒಂದು ಅಧ್ಯಯನದಲ್ಲಿ ಅವರ ಕಾಲುಗಳ ಸ್ನಾಯು ಸುಮಾರು ಒಂದು ಕಿಲೋದಷ್ಟು ಕರಗಿತ್ತು. ಅದನ್ನು ಮರಳಿ ಗಳಿಸುವ ಕೆಲಸ ತಿಂಗಳುಗಟ್ಟಲೆ ಮನೆಯಲ್ಲೇ ಆಗಬೇಕು. ಹಲವರು ಕೈಚೆಲ್ಲುವುದು ಇಲ್ಲೇ.

ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಆಗುತ್ತಿರುವ ಸುಧಾರಣೆ ಅವರ ಕಣ್ಣಿಗೆ ಬೀಳುತ್ತಿರುವುದಿಲ್ಲ. ಮೊದಲ ವಾರಗಳಲ್ಲಿ ಹೆಚ್ಚುವ ಬಲ, ಇರುವ ಸ್ನಾಯುವನ್ನೇ ನರಗಳು ಚೆನ್ನಾಗಿ ದುಡಿಸಿಕೊಳ್ಳುವುದರಿಂದ ಬರುವಂಥದ್ದು. ತೊಡೆ ತುಂಬಿಕೊಳ್ಳಲು ಮತ್ತಷ್ಟು ಕಾಲ ಬೇಕು.

<b>ಮೊದಲು ಅಳೆಯಿರಿ</b>

ಫಿಸಿಯೊಥೆರಪಿಸ್ಟ್ ಒಪ್ಪಿದ ಮೇಲೆ, ಗೋಡೆಗೆ ಒತ್ತಿಸಿಟ್ಟ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಲಾಗುತ್ತದೆ ಎಂದು ಎಣಿಸಿ. ಇನ್ನೊಂದು ಅಳತೆ: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಹೊತ್ತು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯ ಇನ್ನೂ ಇದೆ. ಶುರುವಿನಲ್ಲಿ 40 ಸೆಕೆಂಡ್ ಹಿಡಿದರೂ ಎದೆಗುಂದಬೇಡಿ. ವಾರಕ್ಕೊಮ್ಮೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದಿನಾ ಅಳೆದರೆ ಏರಿಳಿತ ಕಂಡು ಮನಸ್ಸು ಕುಗ್ಗುತ್ತದೆ.

<b>ದಿನಚರಿಯೊಳಗೆ ಸೇರಿಸಿ</b>

ವ್ಯಾಯಾಮಕ್ಕೆಂದೇ ಬೇರೆ ಹೊತ್ತಿಟ್ಟರೆ ಅದು ತಪ್ಪಿಹೋಗುವುದೇ ಹೆಚ್ಚು. ಬೆಳಗಿನ ಕಾಫಿಗೆ ಮುಂಚೆ ಐದು ಸಲ ಕುರ್ಚಿಯಿಂದ ಏಳುವುದು, ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಹಿಮ್ಮಡಿ ಎತ್ತಿ ಇಳಿಸುವುದು, ಅಡುಗೆಮನೆಯ ಕಟ್ಟೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದು: ಇಷ್ಟರಿಂದ ಶುರುಮಾಡಿ. ‘ಚೆನ್ನಾಗಿ ನಡೆಯಬೇಕು’ ಎಂಬ ಗುರಿ ಯಾರನ್ನೂ ಏಳಿಸದು. ‘ಗೌರಿ ಹಬ್ಬದ ಹೊತ್ತಿಗೆ ಬೀದಿ ಕೊನೆಯ ಗುಡಿಗೆ ಹೋಗಿ ಬರಬೇಕು’ ಎಂಬುದು ಏಳಿಸುತ್ತದೆ. ಜ್ವರವೋ ನೆಂಟರೋ ಬಂದು ನಾಲ್ಕು ದಿನ ತಪ್ಪಿದರೆ ಅರ್ಧ ಎಣಿಕೆಯಿಂದ ಮತ್ತೆ ಹಿಡಿಯಿರಿ.

<b>ಸಮತೋಲನಕ್ಕೆ ಬೇರೆ ಅಭ್ಯಾಸ</b>

ಕಾಲಿಗೆ ಬಲ ಬಂದ ಮಾತ್ರಕ್ಕೆ ತೂರಾಟ ನಿಲ್ಲದು. ಸಮತೋಲನಕ್ಕೆ ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳ ಅರಿವು ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ಕಟ್ಟೆಯ ಪಕ್ಕ ನಿಂತು, ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಿ. ಮೊದಲು ಎರಡೂ ಪಾದ ಜೋಡಿಸಿ, ಆಮೇಲೆ ಒಂದನ್ನು ಅರ್ಧ ಮುಂದಿಟ್ಟು, ಬಳಿಕ ಒಂದರ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ, ಕೊನೆಗೆ ಒಂಟಿ ಕಾಲಲ್ಲಿ. ಒಂದೊಂದರಲ್ಲೂ 10 ಸೆಕೆಂಡ್ ಅಲುಗದೆ ನಿಂತ ಮೇಲಷ್ಟೇ ಮುಂದಿನದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ ರೂಪಿಸಿದ ಇಂಥದೇ ಮನೆ ವ್ಯಾಯಾಮದಿಂದ ಹಿರಿಯರು ಬೀಳುವುದು ಸುಮಾರು ಮೂರನೇ ಒಂದರಷ್ಟು ತಗ್ಗಿತು.

ಕೋಲು ನೋವಿನ ಕಾಲಿನ ಎದುರು ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಡಾಕ್ಟರು ಹೇಳುವವರೆಗೆ ಚಕ್ಕಂಬಕ್ಕಳ ಬೇಡ.

ಮೈಕೈ ನೋವು ಸಹಜ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚೇ ಇದ್ದರೆ ಎಣಿಕೆ ತಗ್ಗಿಸಿ, ನಿಲ್ಲಿಸಬೇಡಿ. ಮೀನಖಂಡ ಊದಿ ನೋಯತೊಡಗಿದರೆ ಅಥವಾ ಉಸಿರು ಕಟ್ಟಿದಂತಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

<b>ಮನೆಯವರಿಗೆ</b>

ಎಲ್ಲವನ್ನೂ ಕೈಗೆ ತಂದುಕೊಡುವ ಪ್ರೀತಿಯೇ ಚೇತರಿಕೆಗೆ ಅಡ್ಡಿಯಾಗುತ್ತದೆ. ನೀರು, ಪೇಪರು, ಕನ್ನಡಕ ಎಲ್ಲ ಕೂತಲ್ಲೇ ಸಿಕ್ಕಿದರೆ ಏಳುವ ಕಾರಣವೇ ಉಳಿಯದು. ದಾರಿಯಲ್ಲಿರುವ ಮ್ಯಾಟ್, ವೈರು ತೆಗೆದು, ರಾತ್ರಿ ದೀಪ ಹಾಕಿ, ಬಚ್ಚಲಲ್ಲಿ ಹಿಡಿಕಂಬಿ ಕೂರಿಸಿ. ಆಮೇಲೆ ಅಮ್ಮ ನೀರು ಕೇಳಿದಾಗ ಪಕ್ಕದಲ್ಲೇ ನಡೆಯಿರಿ, ಲೋಟ ಮಾತ್ರ ಅವರೇ ತುಂಬಿಕೊಳ್ಳಲಿ.