ತುಕ್ಕು ಹಿಡಿದ ಕಾರಿನ ತಗಡು: ಮನೆಯಲ್ಲೇ ಬದಲಿಸುವ ಕ್ರಮ

ಕರಾವಳಿಯ ಹಳೆಯ ಕಾರುಗಳಿಗೆ ತುಕ್ಕು ಹಿಡಿಯುವುದು ಹೆಚ್ಚಾಗಿ ಒಳಮೈಯಿಂದ. ಕಾಪು, ಮಲ್ಪೆ ಕಡೆಯ ಗಾಳಿಯ ಉಪ್ಪು ತಗಡಿನ ಮಡಿಕೆಗಳಲ್ಲಿ ಕೂತು ತೇವ ಎಳೆದುಕೊಳ್ಳುತ್ತದೆ. ಕಾರ್ಕಳ, ಮಣಿಪಾಲದಲ್ಲಿ ಉಪ್ಪಿನ ಕಾಟ ಕಡಿಮೆ. ಆದರೆ ಮಳೆಗಾಲದ ಕೆಸರು ಚಕ್ರದ ಮೇಲಿನ ಸಂದಿಗಳಲ್ಲಿ ಸೇರಿದರೆ ಬೇಗ ಒಣಗುವುದಿಲ್ಲ. ಹೊರಗೆ ಬಣ್ಣ ಗುಳ್ಳೆ ಏಳುವ ಹೊತ್ತಿಗೆ ಒಳಗೆ ತಗಡು ಸವೆದಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತುವುದು ದುಡ್ಡು ದಂಡ.

ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ದಿನಗಳು ಸೂಕ್ತ. ಮೊದಲು ಕಾರನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಫೆಂಡರ್, ಬಾಗಿಲಿನ ತಳ, ಮ್ಯಾಟ್ ಅಡಿಯ ನೆಲ, ಜಾಕ್ ಕೊಡುವ ಜಾಗಗಳನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ ನೋಡಬೇಕು. ಗಟ್ಟಿ ತಗಡು ಟಣ್ಣೆನ್ನುತ್ತದೆ, ಸತ್ತ ತಗಡು ಮಂಕಾಗಿ ಸದ್ದು ಮಾಡುತ್ತದೆ.

ಮನೆಯಲ್ಲಿ ಧೈರ್ಯವಾಗಿ ಬದಲಿಸಬಹುದಾದದ್ದು ಬೋಲ್ಟ್ ಹಾಕಿದ ಭಾಗಗಳನ್ನು ಮಾತ್ರ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರ ಮುಂದಿನ ಫೆಂಡರ್ ಇದಕ್ಕೆ ಒಳ್ಳೆಯ ಉದಾಹರಣೆ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಉದ್ದ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟಿನ ಬುಡ ತುಕ್ಕು ತಿಂದಿದ್ದರೆ ನುರಿತ ಟಿಂಕರಿಂಗ್ ಕೆಲಸದವರಿಗೇ ಒಪ್ಪಿಸಬೇಕು. ತೆಳು ತಗಡಿಗೆ ಸಾಮಾನ್ಯ ಆರ್ಕ್ ವೆಲ್ಡಿಂಗ್ ತೂತು ಬೀಳಿಸುತ್ತದೆ. ಸಿಒ2 ವೆಲ್ಡಿಂಗ್ ಇರುವ ಕಡೆಯೇ ಹೋಗಬೇಕು. ಪೆಟ್ರೋಲ್ ಟ್ಯಾಂಕ್ ಹತ್ತಿರ ಮನೆಯಲ್ಲಿ ಕಿಡಿ ಹಾರುವ ಯಾವ ಕೆಲಸವೂ ಬೇಡ.

ಫೆಂಡರ್ ಬಿಚ್ಚುವ ಹಿಂದಿನ ರಾತ್ರಿ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಬೇಕು. ಬೆಳಿಗ್ಗೆ ಬ್ಯಾಟರಿಯ ಮೈನಸ್ ವಯರ್ ಕಳಚಿ, ಚಕ್ರ ತೆಗೆಯುವುದಾದರೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಬಾರದು. ಕನ್ನಡಕ, ದಪ್ಪ ಕೈಗವಸು ಕಡ್ಡಾಯ. ಬಂಪರ್, ಇಂಡಿಕೇಟರ್ ತೆಗೆದ ಮೇಲೆ ಬಾನೆಟ್ ಅಂಚಿನ, ಬಾಗಿಲ ಪಕ್ಕದ, ತಳದ ಬೋಲ್ಟುಗಳನ್ನು ಬಿಚ್ಚಬೇಕು. ಬಿಗಿದು ಕೂತ ಬೋಲ್ಟನ್ನು ಒಮ್ಮೆಲೇ ತಿರುಚಿದರೆ ತಲೆ ಮುರಿಯುತ್ತದೆ; ಸ್ವಲ್ಪ ಬಿಗಿದು, ಸ್ವಲ್ಪ ಸಡಿಲಿಸಿ, ಮತ್ತೆ ಎಣ್ಣೆ ಬಿಡಬೇಕು.

ಇಡೀ ಕೆಲಸದ ಬಾಳಿಕೆ ಮುಂದಿನ ಹಂತದಲ್ಲಿದೆ. ಬಯಲಾದ ಬಾಡಿಯ ಕೆಸರು ತೆಗೆದು, ವಯರ್ ಬ್ರಷ್‌ನಿಂದ ಹೊಳಪು ಬರುವವರೆಗೆ ಉಜ್ಜಿ, ಉಳಿದ ಕಲೆಗೆ ರಸ್ಟ್ ಕನ್ವರ್ಟರ್ ಹಚ್ಚಿ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಕೊಡಬೇಕು. ಹೊಸ ಫೆಂಡರಿನ ಒಳಮೈಗೂ ಜೋಡಿಸುವ ಮೊದಲೇ ಪ್ರೈಮರ್, ಬಣ್ಣ ಎರಡೂ ಬೇಕು. ಕೂಡಿಸಿದ ಮೇಲೆ ಬ್ರಷ್ ಅಲ್ಲಿಗೆ ತಲುಪುವುದೇ ಇಲ್ಲ. ಅವಸರದ ದುರಸ್ತಿ ಸೋಲುವುದು ಇಲ್ಲೇ.

ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಕೂರಿಸಿ, ಬಾನೆಟ್ ಮತ್ತು ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆದು, ಸಂದು ಎಲ್ಲೆಡೆ ಒಂದೇ ಸಮ ಬಂದ ಮೇಲಷ್ಟೇ ಬಿಗಿಯಬೇಕು. ಹೊರಮೈಯನ್ನು 400 ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿ ಬಣ್ಣ ಹೊಡೆಯಬಹುದು. ಇಡೀ ಕಾರಿನ ಬಣ್ಣವನ್ನೇ ಬದಲಿಸಿದರೆ ಆರ್‌ಸಿಯಲ್ಲಿ ದಾಖಲಾಗಬೇಕಾಗುತ್ತದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ತಪಾಸಣೆಯೂ ಇರುವುದರಿಂದ ಮೂಲ ಬಣ್ಣವೇ ಸಲೀಸು.

ಕೊನೆಗೆ ಒಳಸಂದಿಗಳಿಗೆ ತುಕ್ಕುನಿರೋಧಕ ವ್ಯಾಕ್ಸ್ ಸಿಂಪಡಿಸಬೇಕು. ಬಾಗಿಲ ತಳದ ನೀರು ಇಳಿಯುವ ತೂತುಗಳು ಬಣ್ಣದಿಂದಲೋ ವ್ಯಾಕ್ಸ್‌ನಿಂದಲೋ ಮುಚ್ಚಿಹೋಗಿದ್ದರೆ ತಂತಿ ಹಾಕಿ ಬಿಡಿಸಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಈ ತೂತುಗಳನ್ನು ನೋಡಿಕೊಳ್ಳಬೇಕು.