ಕೈ ಕೂಡಿತು, ಆದರೆ ರೊಟ್ಟಿ ಬಡಿಯಲು ಬರುತ್ತಿಲ್ಲ



ಚಿಂಚಲಿ ಸುತ್ತಲಿನ ಸಂಘಗಳ ಸಭೆಗೆ ಬಂದಾಗಲೆಲ್ಲ ನಾವು ಕೇಳುವ ಮಾತಿದು: "ಕೈ ಕೂಡೇತ್ರಿ ಸಿಸ್ಟರ್, ಆದ್ರ ರೊಟ್ಟಿ ಬಡಿಯಾಕ ಬರೂದಿಲ್ಲ." ಬಚ್ಚಲಲ್ಲಿ ಜಾರಿಯೋ, ಕಬ್ಬಿನ ಹೊಲದ ಬದುವಿನಲ್ಲಿ ಎಡವಿಯೋ ಬೀಳುತ್ತೇವೆ. ಬೀಳುವಾಗ ಕೈ ಊರುತ್ತೇವೆ. ಮಣಿಕಟ್ಟಿನ ಸ್ವಲ್ಪ ಮೇಲೆ ಮುಂಗೈ ಎಲುಬು ಮುರಿಯುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಇದನ್ನು 'ಕೋಲಿಸ್ ಫ್ರ್ಯಾಕ್ಚರ್' ಎಂದು ಬರೆದಿರಬಹುದು. 1814ರಲ್ಲಿ ಇದನ್ನು ವಿವರಿಸಿದ ಐರ್ಲೆಂಡಿನ ಡಾಕ್ಟರ ಹೆಸರು ಅದು.

ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಎಲುಬು ಸಾಮಾನ್ಯವಾಗಿ ಮುರಿಯುವುದಿಲ್ಲ. ಹಾಗಿದ್ದರೂ ಮುರಿಯಿತು ಎಂದರೆ ಎಲುಬು ಮೊದಲೇ ಟೊಳ್ಳಾಗಿರಬಹುದು. ಹುಳ ತಿಂದ ಜೋಳದ ಕಾಳು ನೋಡಿದ್ದೀರಲ್ಲ, ಮೇಲೆ ಚೆನ್ನಾಗಿಯೇ ಕಾಣುತ್ತದೆ, ಒತ್ತಿದರೆ ಪುಡಿ. ಆಸ್ಟಿಯೋಪೊರೋಸಿಸ್ ಎಂಬ ಎಲುಬು ಸವೆಯುವ ರೋಗವೂ ಹಾಗೆಯೇ. ನೋವಿಲ್ಲ, ಜ್ವರವಿಲ್ಲ, ಮುರಿಯುವವರೆಗೆ ಗೊತ್ತೇ ಆಗುವುದಿಲ್ಲ.

ಮುಟ್ಟು ನಿಂತ ಮೇಲೆ ಎಲುಬನ್ನು ಕಾಯುವ ಹಾರ್ಮೋನು ಕಡಿಮೆಯಾಗುತ್ತದೆ. ಅದಕ್ಕೇ ಈ ರೋಗ ಹೆಂಗಸರಿಗೆ ಹೆಚ್ಚು. ಚಿಕ್ಕ ವಯಸ್ಸಿನಲ್ಲೇ ಗರ್ಭಚೀಲದ ಜೊತೆಗೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇದು ಇನ್ನೂ ಬೇಗ ಶುರುವಾಗುತ್ತದೆ. ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಊರೂರಿಗೆ ಹೋಗುವ ಹೆಂಗಸರನ್ನು 2019ರಲ್ಲಿ ಸರ್ಕಾರ ಸಮೀಕ್ಷೆ ಮಾಡಿಸಿತು. ಸುಮಾರು 82 ಸಾವಿರ ಜನರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಚೀಲ ತೆಗೆಸಿಕೊಂಡಿದ್ದರು. ನಮ್ಮದೂ ಕಬ್ಬಿನ ಸೀಮೆ. "ಮಕ್ಕಳಾದವು, ಇನ್ನು ಆ ಚೀಲ ಯಾಕ ಬೇಕು" ಎನ್ನುವವರು ಇಲ್ಲಿಯೂ ಇದ್ದಾರೆ. ಬಿಳುಪು ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂದು ಯಾರಾದರೂ ಆಪರೇಶನ್ ಹೇಳಿದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಅಂಡಾಶಯ ಉಳಿಸುತ್ತೀರಾ ಎಂದು ಬಾಯಿ ಬಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು.

ಈಗ ಮುರಿದ ಕೈಗೆ ಬರೋಣ. ಬಿದ್ದ ಕೂಡಲೇ ಬಳೆ, ಉಂಗುರ ತೆಗೆಯಿರಿ. ಬಾವು ಏರಿದ ಮೇಲೆ ಅವು ಬರುವುದಿಲ್ಲ, ರಕ್ತ ಓಡಾಟ ನಿಲ್ಲುತ್ತದೆ. ರಾಯಬಾಗದ ತಾಲೂಕು ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಪಟ್ಟಿ ಕಟ್ಟುವವರ ಬಗ್ಗೆ ನಮಗೆ ತಾತ್ಸಾರವಿಲ್ಲ, ಆದರೆ ಎಲುಬು ಸರಿಯಾಗಿ ಕೂತಿದೆಯೇ ಎಂದು ಬರಿಗಣ್ಣಿಗೆ ಕಾಣುವುದಿಲ್ಲ. ಓರೆಯಾಗಿ ಕೂಡಿದರೆ ಮಣಿಕಟ್ಟು ಡೊಂಕಾಗಿ ಉಳಿಯುತ್ತದೆ. ಪಟ್ಟಿಯಾಗಲಿ ಪ್ಲಾಸ್ಟರ್ ಆಗಲಿ, ಕಟ್ಟಿದ ಮೇಲೆ ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ತಡೆಯಲಾಗದಷ್ಟಾದರೆ ಬೆಳಗಾಗುವವರೆಗೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ಪ್ಲಾಸ್ಟರ್ ಸಾಮಾನ್ಯವಾಗಿ ಆರು ವಾರ ಇರುತ್ತದೆ. ಕೈ ಕೆಡುವುದು ಬಹಳ ಸಲ ಈ ಆರು ವಾರದಲ್ಲೇ. ಕೊರಳಿಗೆ ಜೋಲಿ ಕಟ್ಟಿಕೊಂಡು, ಬೆರಳು ಸಹ ಅಲುಗಿಸದೆ ಕೂಡುತ್ತೇವೆ. ಮೊದಲ ದಿನದಿಂದಲೇ ತಾಸಿಗೊಮ್ಮೆ ಬೆರಳು ಮಡಚಿ ಬಿಡಿಸಬೇಕು. ಮೊಣಕೈ, ರಟ್ಟೆ ಆಡಿಸಬೇಕು. ಮೊದಲ ದಿನಗಳಲ್ಲಿ ಕೈಯನ್ನು ಎದೆಗಿಂತ ಮೇಲೆ ಇಡಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆಚ್ಚಗಿನ ನೀರಲ್ಲಿ ಕೈಯಿಟ್ಟು ಒದ್ದೆ ಬಟ್ಟೆ ಹಿಂಡಿ, ಮೆತ್ತಗಿನ ಹಿಟ್ಟು ನಾದಿ. ತುಂಬಿದ ಕೊಡ, ಕುರ್ಪಿ ಹಿಡಿಯುವ ಕೆಲಸ ಡಾಕ್ಟರು ಹೇಳಿದ ಮೇಲೆ.

ಹಿಡಿತ ಮರಳಲು ಆರು ತಿಂಗಳು, ಕೆಲವರಿಗೆ ವರ್ಷವೂ ಬೇಕು. ಅಂಗೈ ಮೇಲೆ ಮಾಡುವುದು ಕಷ್ಟವಾಗುತ್ತದೆ. ಮಾಯಕ್ಕನ ಜಾತ್ರೆಯಲ್ಲಿ ಅಂಗೈ ಒಡ್ಡಿ ಭಂಡಾರ ತಗೊಳ್ಳಲೂ ಬರುವುದಿಲ್ಲ ಎಂದರೆ ಯೋಚಿಸಿ. ಕೆಲವರಿಗೆ ಕೈ ಉರಿ, ಬಾವು, ಹೊಳೆಯುವ ಚರ್ಮ, ಮುಟ್ಟಿದರೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಹೆಬ್ಬೆರಳು, ತೋರುಬೆರಳಿಗೆ ರಾತ್ರಿ ಜೋಮು ಹಿಡಿದರೆ ನರ ಒತ್ತಿದೆ ಎಂದು ಅರ್ಥ. ಹೆಬ್ಬೆರಳು ಒಮ್ಮೆಲೇ ಎತ್ತಲು ಬಾರದಾದರೆ ಸ್ನಾಯುವಿನ ಹುರಿ ಹರಿದಿರಬಹುದು. ಇವು 'ವಯಸ್ಸಾತು' ಎಂದು ಸುಮ್ಮನಿರುವ ಸಂಗತಿಗಳಲ್ಲ, ಚಿಕಿತ್ಸೆ ಇದೆ.

ಇನ್ನೊಂದು ಮಾತನ್ನು ಪ್ಲಾಸ್ಟರ್ ಬಿಚ್ಚುವ ದಿನ ಹೆಚ್ಚಾಗಿ ಯಾರೂ ಹೇಳುವುದಿಲ್ಲ. ಹೀಗೆ ಒಮ್ಮೆ ಕೈ ಮುರಿದವರಿಗೆ ಮುಂದೆ ಬೆನ್ನೆಲುಬು, ಸೊಂಟದ ಕೀಲು ಮುರಿಯುವ ಸಂಭವ ಹೆಚ್ಚು. ಸೊಂಟ ಮುರಿದರೆ ಹಾಸಿಗೆ ಹಿಡಿಯುತ್ತೇವೆ. ಹಾಗಾಗಿ "ನನ್ನ ಎಲುಬು ಸವೆದಾವೇನ್ರಿ, ಪರೀಕ್ಷೆ ಮಾಡ್ರಿ" ಎಂದು ನಾವೇ ಕೇಳಬೇಕು. ಅದಕ್ಕೆ ಡೆಕ್ಸಾ ಎಂಬ ಸ್ಕ್ಯಾನ್ ಇದೆ. ವಾರಕ್ಕೊಂದು ಗುಳಿಗೆ ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಗ್ಲಾಸು ನೀರಿನ ಜೊತೆ ನುಂಗಿ, ಅರ್ಧ ತಾಸು ಮಲಗಬಾರದು, ಚಹಾ ಸಹ ಕುಡಿಯಬಾರದು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ.

ಊಟದ ವಿಷಯ. ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1,200 ಮಿ.ಗ್ರಾಂ. ಸುಣ್ಣದ ಅಂಶ ಬೇಕು. ನಮ್ಮ ಜೋಳ ಶಕ್ತಿ ಕೊಡುತ್ತದೆ, ಆದರೆ 100 ಗ್ರಾಂ ಜೋಳದಲ್ಲಿ ಸುಣ್ಣದ ಅಂಶ 30 ಮಿ.ಗ್ರಾಂ. ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ 350ರ ಸುಮಾರು ಇದೆ. ಎಳ್ಳಿನಲ್ಲಿ ಸಾವಿರ ದಾಟುತ್ತದೆ. ರೊಟ್ಟಿ ಜೊತೆ ಎಳ್ಳಿನ ಚಟ್ನಿ, ನುಗ್ಗೆಸೊಪ್ಪಿನ ಪಲ್ಯ, ಮಜ್ಜಿಗೆ ಇರಲಿ. ಹಾಲೆಲ್ಲ ಡೇರಿಗೆ ಹೋಗಿ ಮನೆಯೊಡತಿಗೆ ಬರೀ ಚಹಾ ಉಳಿಯುವುದು ನಮಗೆ ಸರಿ ಕಾಣುವುದಿಲ್ಲ. ಹೆಣ್ಣುಮಕ್ಕಳಿಗಂತೂ ಕೊಡಲೇಬೇಕು, ಎಲುಬಿನ ಗಂಟು ಕೂಡಿಡುವ ವಯಸ್ಸು ಅದು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಬರೆದಾದ ಮೇಲೆ ಮಾತಾಡಿ. ನಮ್ಮ ಸಂಘದಲ್ಲಿ ನಲವತ್ತೈದರ ನಂತರ ಬಿದ್ದು ಕೈ ಮುರಿದುಕೊಂಡವರು ಎಷ್ಟು ಜನ? ಅವರಲ್ಲಿ ಎಲುಬಿನ ಪರೀಕ್ಷೆ ಯಾರಿಗೆ ಆಗಿದೆ? ಕೈ ಮುರಿದ ಸದಸ್ಯೆಗೆ ಕೂಲಿ ಇಲ್ಲದ ಆ ತಿಂಗಳುಗಳಲ್ಲಿ ಸಾಲದ ಕಂತು ಮುಂದೂಡಬಹುದೇ? ತೀರ್ಮಾನವನ್ನು ಠರಾವು ಪುಸ್ತಕದಲ್ಲಿ ಬರೆದಿಡಿ.